ಮೋರ್ಸ್ ಕಲಿಯುತ್ತಾ ಮೆದುಳನ್ನು ಗಮನಿಸಿದ್ದು

ಚಿಕ್ಕ ಸದ್ದು (ಚುಕ್ಕೆ) ಮತ್ತು ಉದ್ದ ಸದ್ದು (ಗೆರೆ) ಜೋಡಿಸಿ ಅಕ್ಷರ ಕಳಿಸುವ ಮೋರ್ಸ್ ಕೋಡನ್ನು ನಿಮಿಷಕ್ಕೆ 20 ಪದದ ವೇಗದಲ್ಲಿ ಕಳಿಸಿದರೆ ಒಂದು ಚುಕ್ಕೆಯ ಸದ್ದು ಇರುವುದು 60 ಮಿಲಿಸೆಕೆಂಡ್ ಮಾತ್ರ. ಗೆರೆ ಅದರ ಮೂರರಷ್ಟು ಉದ್ದ. ಒಂದು ಸೆಕೆಂಡಿನಲ್ಲಿ ಒಂದೂವರೆ ಅಕ್ಷರಕ್ಕಿಂತ ಜಾಸ್ತಿ ಕಿವಿ ದಾಟಿ ಹೋಗುತ್ತದೆ. ಅಷ್ಟರಲ್ಲಿ ಸದ್ದನ್ನು ಎಣಿಸಿ, ಯಾವ ಅಕ್ಷರಕ್ಕೆ ಯಾವ ಸದ್ದು ಎಂಬ ಪಟ್ಟಿಯಲ್ಲಿ ಹುಡುಕಿ, ಅಕ್ಷರ ಬರೆದು, ಮುಂದಿನದಕ್ಕೆ ತಯಾರಾಗುವುದು ಯಾರಿಂದಲೂ ಆಗುವ ಕೆಲಸ ಅಲ್ಲ. ಆದರೂ ಟೆಲಿಗ್ರಾಫ್ ಆಪರೇಟರುಗಳು ಇದಕ್ಕಿಂತ ಜೋರಾಗಿ ಬರುವ ಸಂದೇಶಗಳನ್ನು ದಿನವಿಡೀ ಬರೆದುಕೊಳ್ಳುತ್ತಿದ್ದರು. ಅವರ ತಲೆಯಲ್ಲಿ ಪಟ್ಟಿಗಿಂತ ಬೇರೆ ಏನೋ ಕೂತಿತ್ತು. ಅದು ಹೇಗೆ ಬಂದು ಕೂರುತ್ತದೆ ಎಂದು ಪುಸ್ತಕಗಳಲ್ಲಿ ಓದಿದ್ದೆ. ನನ್ನ ಮೇಲೇ ನೋಡಬೇಕು ಅನ್ನಿಸಿತು. ನಡುವಯಸ್ಸಿನಲ್ಲಿ, ಏನೇನೂ ಗೊತ್ತಿಲ್ಲದ ಒಂದು ವಿದ್ಯೆಯನ್ನು ಮೊದಲಿನಿಂದ ಕಲಿಯಲು ಕೂತೆ.

ಕಲಿಸಿದವರು ಹಡಗಿನಲ್ಲಿ ರೇಡಿಯೋ ಆಫೀಸರ್ ಆಗಿ ದುಡಿದವರು. 1999ರಲ್ಲಿ ಹಡಗುಗಳ ತುರ್ತು ಸಂದೇಶಕ್ಕೆ ಹೊಸ ವ್ಯವಸ್ಥೆ ಪೂರ್ತಿ ಜಾರಿಗೆ ಬಂದು ಮೋರ್ಸ್ ಹಿಂದೆ ಸರಿಯಿತು. ಅವರು ಆ ಕೆಲಸ ಬಿಟ್ಟು ಬಹಳ ಕಾಲ ಆಗಿದೆ. ಈಗಲೂ ನಮ್ಮ ಜೊತೆ ಮಾತಾಡುತ್ತಲೇ ಪಕ್ಕದ ರೇಡಿಯೋದಲ್ಲಿ ಬರುವುದನ್ನು ಕಾಗದಕ್ಕೆ ಇಳಿಸುತ್ತಾರೆ. ಮಾತು ಒಂದು ಕಡೆ, ಕೈ ಒಂದು ಕಡೆ.

"ಪಟ್ಟಿ ನೋಡಬೇಡಿ" ಎಂದು ಅವರು ಮೊದಲೇ ಹೇಳಿಬಿಟ್ಟರು. "ಚುಕ್ಕೆ, ಗೆರೆ ಅನ್ನುವ ಮಾತೂ ಬೇಡ. ಡಿಟ್ ಮತ್ತೆ ಡಾ, ಅಷ್ಟೇ. ಕಣ್ಣಿಗೆ ಇಲ್ಲಿ ಕೆಲಸ ಇಲ್ಲ."

"ಯಾಕೆ ಸರ್? ಒಂದು ಸಲ ಬಾಯಿಪಾಠ ಮಾಡಿಬಿಟ್ಟರೆ ಸುಲಭ ಅಲ್ವಾ?"

"ಬಾಯಿಪಾಠ ಬೇಗ ಆಗುತ್ತದೆ ನೋಡಿ. ಆಮೇಲೆ ಅದನ್ನು ಬಿಡಿಸುವುದೇ ಕಷ್ಟ."

ಮೆದುಳಿನ ಬಗ್ಗೆ ತಿಳಿದಿರುವುದನ್ನು ಇಟ್ಟುಕೊಂಡು ನೋಡಿದರೆ ಈ ಮಾತು ಸರಿಯಾಗಿಯೇ ಇದೆ. ಪಟ್ಟಿಯನ್ನು ಬಾಯಿಪಾಠ ಮಾಡಿದರೆ ಅದು ಒಂದು ಬಗೆಯ ನೆನಪು. ಕೇಳಿದರೆ ಹೇಳಬಹುದು, ಬರೆದು ತೋರಿಸಬಹುದು. ಸದ್ದು ಕೇಳಿದ ತಕ್ಷಣ ಅಕ್ಷರ ಹೊಳೆಯುವುದು ಇನ್ನೊಂದು ಬಗೆ. ಮನೆಯವರಲ್ಲಿ ಯಾರಾದರೂ ಪಕ್ಕದ ಕೋಣೆಯಲ್ಲಿ ಕೆಮ್ಮಿದರೆ ಯಾರ ಕೆಮ್ಮು ಎಂದು ನಾವು ಯೋಚಿಸುವುದಿಲ್ಲ, ಗೊತ್ತಾಗಿಬಿಡುತ್ತದೆ. ನನಗೆ ಬೇಕಿದ್ದದ್ದು ಆ ಬಗೆಯ ಗುರುತು. ಒಂದನ್ನು ಎಷ್ಟು ಗಟ್ಟಿ ಮಾಡಿದರೂ ಇನ್ನೊಂದು ತಾನಾಗಿ ಬರುವುದಿಲ್ಲ.

ಈ ಎರಡು ಬಗೆಗಳು ಬೇರೆ ಬೇರೆ ಎಂದು ತೋರಿಸಿಕೊಟ್ಟವರು ಹೆನ್ರಿ ಮೊಲೈಸನ್. ವಿಜ್ಞಾನದ ಬರಹಗಳಲ್ಲಿ ಅವರು ಬದುಕಿರುವ ತನಕ ಎಚ್.ಎಂ. ಎಂದೇ ಇದ್ದರು. ತೀವ್ರ ಮೂರ್ಛೆರೋಗಕ್ಕೆಂದು 1953ರಲ್ಲಿ, ಅವರ 27ನೇ ವಯಸ್ಸಿನಲ್ಲಿ, ವಿಲಿಯಂ ಸ್ಕೋವಿಲ್ ಎಂಬ ಸರ್ಜನ್ ಅವರ ಮೆದುಳಿನ ಎರಡೂ ಬದಿಯಲ್ಲಿರುವ, ಹೊಸ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನ ದೊಡ್ಡ ಭಾಗವನ್ನು ತೆಗೆದರು. ಮೂರ್ಛೆ ಕಡಿಮೆ ಆಯಿತು. ಆದರೆ ಅಂದಿನಿಂದ 2008ರಲ್ಲಿ ತೀರಿಕೊಳ್ಳುವವರೆಗೆ ಅವರಲ್ಲಿ ಹೊಸ ಘಟನೆಯ ನೆನಪು ನಿಲ್ಲಲಿಲ್ಲ. ಈಗ ಮಾತಾಡಿದವರನ್ನು ಸ್ವಲ್ಪ ಹೊತ್ತಿನ ಮೇಲೆ ಗುರುತಿಸುತ್ತಿರಲಿಲ್ಲ. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಮೊಲೈಸನ್ ಅವರಿಗೆ ಒಂದು ಕೆಲಸ ಕೊಟ್ಟರು. ಕನ್ನಡಿಯಲ್ಲಿ ಮಾತ್ರ ಕೈಯನ್ನು ನೋಡುತ್ತಾ ನಕ್ಷತ್ರದ ಚಿತ್ರವನ್ನು ತಿದ್ದಬೇಕು. ಮೊದಲು ಗೆರೆ ಎಲ್ಲೆಲ್ಲೋ ಹೋಯಿತು. ಮೂರನೇ ದಿನ ಅವರು ಅಚ್ಚುಕಟ್ಟಾಗಿ ತಿದ್ದುತ್ತಿದ್ದರು. ಅದಕ್ಕೂ ಮುಂಚೆ ಆ ಚಿತ್ರವನ್ನು ಮುಟ್ಟಿದ್ದೇ ಅವರಿಗೆ ನೆನಪಿರಲಿಲ್ಲ. ಕೈ ಕಲಿತಿತ್ತು, ಕಲಿತ ಕಥೆ ಮಾತ್ರ ಉಳಿದಿರಲಿಲ್ಲ. ಇದನ್ನು ಓದುವಾಗಲೆಲ್ಲ ಅವರ ಬಗ್ಗೆ ಮನಸ್ಸು ತುಂಬಿ ಬರುತ್ತದೆ. ನೆನಪಿನ ಬಗ್ಗೆ ಇವತ್ತು ನಮಗೆ ಗೊತ್ತಿರುವುದರಲ್ಲಿ ಬಹಳಷ್ಟು ಅವರು ದಶಕಗಳ ಕಾಲ ಕೂತು ಕೊಟ್ಟ ಪರೀಕ್ಷೆಗಳಿಂದ ಬಂದದ್ದು.

ಸರ್ ಅನುಸರಿಸಿದ್ದು ಕೋಖ್ ವಿಧಾನ. ಲುಡ್ವಿಗ್ ಕೋಖ್ 1930ರ ದಶಕದಲ್ಲಿ ಜರ್ಮನಿಯಲ್ಲಿದ್ದ ಮನಶ್ಶಾಸ್ತ್ರಜ್ಞ. ನಿಧಾನವಾಗಿ ಶುರು ಮಾಡಿ ವೇಗ ಹೆಚ್ಚಿಸುವುದನ್ನು ಅವರು ಬಿಟ್ಟರು. ಮೊದಲಿನಿಂದಲೇ ಪೂರ್ತಿ ವೇಗ, ಆದರೆ ಎರಡೇ ಅಕ್ಷರ. 100ಕ್ಕೆ 90 ಸರಿ ಬಂದ ಮೇಲೆ ಮೂರನೆಯದು. ಹೀಗೆ ಒಂದೊಂದಾಗಿ ಸೇರಿಸುತ್ತಾ ಹೋಗಬೇಕು. ವೇಗ ಜಾಸ್ತಿ ಇರುವುದರಿಂದ ಎಣಿಸಲು ಸಮಯವೇ ಸಿಗುವುದಿಲ್ಲ. ಎಣಿಕೆಯ ದಾರಿ ಮುಚ್ಚಿದ ಮೇಲೆ ಮೆದುಳು ಸದ್ದಿನ ಆಕಾರವನ್ನೇ ಹಿಡಿಯಬೇಕಾಗುತ್ತದೆ. ನನ್ನ ಮೊದಲ ಎರಡು ಅಕ್ಷರ ಕೆ ಮತ್ತು ಎಂ. ಕೆ ಎಂದರೆ ಡಾ ಡಿ ಡಾ (ಕೊನೆಯಲ್ಲಿ ಬರದ ಡಿಟ್ ಅನ್ನು ಡಿ ಎನ್ನುತ್ತಾರೆ). ಎಂ ಎಂದರೆ ಡಾ ಡಾ.

ಎರಡೇ ಅಕ್ಷರ, ಏನು ಮಹಾ ಅನ್ನಿಸಬಹುದು. ಹೆಡ್‌ಫೋನ್ ಹಾಕಿಕೊಂಡು ಕೂತಾಗ ಎರಡೂ ಒಂದೇ ಗೊರಗೊರ ಸದ್ದಾಗಿ ಕೇಳಿದವು. ಸ್ವಲ್ಪ ಹೊತ್ತಿನ ಮೇಲೆ ಒಂದರ ನಡು ಮುರಿದ ಹಾಗೆ, ಇನ್ನೊಂದು ನೇರವಾಗಿರುವ ಹಾಗೆ ಅನ್ನಿಸತೊಡಗಿತು. ಅಕ್ಷರ ಬರೆದ ತಕ್ಷಣ ಸರ್ ಸರಿಯುತ್ತರ ಹೇಳುತ್ತಿದ್ದರು. ತಡ ಮಾಡುತ್ತಿರಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಫ್ರೆಡ್ ಕೆಲ್ಲರ್ ಸೈನಿಕರಿಗೆ ಮೋರ್ಸ್ ಕಲಿಸಲು ಇದೇ ಕ್ರಮವನ್ನು ಬಳಸಿದ್ದರು. ಸದ್ದು, ಸಣ್ಣ ಬಿಡುವು, ಆ ಬಿಡುವಿನಲ್ಲಿ ಕಲಿಯುವವರ ಉತ್ತರ, ಹಿಂದೆಯೇ ಅಕ್ಷರದ ಹೆಸರು.

ತಡ ಮಾಡಬಾರದು ಎನ್ನುವುದಕ್ಕೆ ನರಕೋಶಗಳ ಮಟ್ಟದಲ್ಲೂ ಒಂದು ಹೋಲಿಕೆ ಸಿಗುತ್ತದೆ. ಒಂದು ನರಕೋಶ ಇನ್ನೊಂದನ್ನು ಮತ್ತೆ ಮತ್ತೆ ಎಬ್ಬಿಸಿದರೆ ಅವೆರಡರ ನಡುವಿನ ಸಂಪರ್ಕ ಬಲವಾಗುತ್ತದೆ ಎಂದು 1949ರಲ್ಲಿ ಡೊನಾಲ್ಡ್ ಹೆಬ್ ಊಹಿಸಿದ್ದರು. 1973ರಲ್ಲಿ ಟಿಮ್ ಬ್ಲಿಸ್ ಮತ್ತು ಟೆರ್ಯೆ ಲೋಮೊ ಮೊಲದ ಹಿಪೊಕ್ಯಾಂಪಸ್‌ನಲ್ಲಿ ಅಂಥ ಬದಲಾವಣೆಯನ್ನು ಅಳೆದು ತೋರಿಸಿದರು. ಸ್ವಲ್ಪ ಹೊತ್ತು ಜೋರಾಗಿ ಪ್ರಚೋದಿಸಿದ ಮೇಲೆ ಆ ಸಂಪರ್ಕ ಗಂಟೆಗಟ್ಟಲೆ ಬಲವಾಗಿಯೇ ಇತ್ತು. ಇದರ ಹಿಂದೆ ಎನ್‌ಎಂಡಿಎ ಎಂಬ ಗ್ರಾಹಕ (ರಿಸೆಪ್ಟರ್) ಇದೆ. ನರಕೋಶದ ಮೇಲಿನ ಪುಟ್ಟ ಬಾಗಿಲು ಅದು. ಸುಮ್ಮನಿರುವಾಗ ಮೆಗ್ನೀಸಿಯಂ ಅದನ್ನು ಅಡ್ಡಗಟ್ಟಿರುತ್ತದೆ. ಹಿಂದಿನ ನರಕೋಶದಿಂದ ಗ್ಲುಟಮೇಟ್ ಎಂಬ ಸಂದೇಶ ಒಯ್ಯುವ ರಾಸಾಯನಿಕ ಬರಬೇಕು, ಅದೇ ಹೊತ್ತಿಗೆ ಈ ನರಕೋಶವೂ ಎದ್ದಿರಬೇಕು. ಎರಡೂ ಕೂಡಿದರೆ ಮಾತ್ರ ಬಾಗಿಲು ತೆರೆದು ಕ್ಯಾಲ್ಸಿಯಂ ಒಳಗೆ ಬರುತ್ತದೆ, ಸಂಪರ್ಕವನ್ನು ಬಲಪಡಿಸುವ ಕೆಲಸ ಶುರುವಾಗುತ್ತದೆ. ಎರಡು ಸಂಗತಿ ಒಟ್ಟಿಗೆ ನಡೆದವು ಎಂದು ಒಂದು ಅಣು ಗುರುತಿಸುತ್ತದೆ! ನನಗೆ ಇಡೀ ಜೀವವಿಜ್ಞಾನದಲ್ಲಿ ಇದಕ್ಕಿಂತ ಸೊಗಸಾದ ಸಂಗತಿ ಕಂಡಿಲ್ಲ.

ಅಕ್ಷರಗಳು ಹತ್ತರ ಆಸುಪಾಸಿಗೆ ಬಂದಾಗ ಹೊಸ ತೊಡಕು. ಒಂದು ಅಕ್ಷರ ತಪ್ಪಿತು ಅನ್ನಿ. ಅದು ಏನಿತ್ತು ಎಂದು ಅರೆಗಳಿಗೆ ಯೋಚಿಸಿದರೂ ಸಾಕು, ಮುಂದಿನ ಎರಡು ಮೂರು ಅಕ್ಷರ ಕೈ ತಪ್ಪಿ ಹೋಗುತ್ತಿದ್ದವು. ಕೇಳಿದ ಸದ್ದಿನ ಹಸಿ ಗುರುತು ಮೆದುಳಿನಲ್ಲಿ ಕೆಲವೇ ಸೆಕೆಂಡು ಇರುತ್ತದೆ. ಅದರ ಮೇಲೆ ಕೆಲಸ ಮಾಡುವ ತಾತ್ಕಾಲಿಕ ನೆನಪಿನ ಜಾಗವೂ ಬಹಳ ಚಿಕ್ಕದು. 1956ರಲ್ಲಿ ಜಾರ್ಜ್ ಮಿಲ್ಲರ್ ಅದು ಏಳರ ಆಚೀಚೆ ಎಂದಿದ್ದರು. ಆಮೇಲಿನ ಸಂಶೋಧಕರು ನಾಲ್ಕರ ಹತ್ತಿರಕ್ಕೆ ಇಳಿಸಿದ್ದಾರೆ. ಆ ಜಾಗದಲ್ಲಿ ಹಳೆಯ ಅಕ್ಷರವನ್ನು ಹಿಡಿದುಕೊಂಡು ಕೂತರೆ ಹೊಸದಕ್ಕೆ ಎಡೆ ಇಲ್ಲ.

"ಹೋಗಿದ್ದು ಹೋಯಿತು. ಒಂದು ಸಣ್ಣ ಗೆರೆ ಎಳೆದು ಮುಂದೆ ಹೋಗಿ" ಎನ್ನುತ್ತಿದ್ದರು ಸರ್.

ಕೇಳಲು ಸುಲಭ. ಆದರೆ ಬಿಟ್ಟುಕೊಡುವುದನ್ನು ಕಲಿಯಲು ನನಗೆ ಅಕ್ಷರ ಕಲಿತದ್ದಕ್ಕಿಂತ ಹೆಚ್ಚು ಶ್ರಮ ಬೇಕಾಯಿತು. ಮೆದುಳು ಅರ್ಧಕ್ಕೆ ನಿಂತದ್ದನ್ನು ಸುಲಭವಾಗಿ ಬಿಡುವುದಿಲ್ಲ. ಖಾಲಿ ಜಾಗಕ್ಕೆ ಗೆರೆ ಎಳೆಯುವುದು ಕೈಗೆ ರೂಢಿಯಾದ ಮೇಲೆ ತಪ್ಪುಗಳು ಒಂದೊಂದೇ ಬರತೊಡಗಿದವು, ಗುಂಪಾಗಿ ಬರುವುದು ನಿಂತಿತು.

ಬಹಳ ಕಾಡಿದ್ದು ಎಸ್, ಎಚ್ ಮತ್ತು 5. ಎಸ್ ಅಂದರೆ ಮೂರು ಡಿಟ್, ಎಚ್ ನಾಲ್ಕು, 5 ಐದು. ಇಲ್ಲಿ ಆಕಾರದಲ್ಲಿ ವ್ಯತ್ಯಾಸ ಇಲ್ಲ, ಉದ್ದದಲ್ಲಿ ಮಾತ್ರ. ಮೂರನ್ನೇ ತೆಗೆದುಕೊಂಡು ಒಂದಿಡೀ ಸಂಜೆ ಕೂತರೂ ಅಂಕ ಮೇಲೇಳಲಿಲ್ಲ. ಬೇಸತ್ತು ಮಲಗಿದೆ. ಬೆಳಿಗ್ಗೆ ಹೆಡ್‌ಫೋನ್ ಹಾಕಿಕೊಂಡರೆ ಎಚ್ ಸ್ಪಷ್ಟವಾಗಿ ಬೇರೆಯಾಗಿ ಕೇಳಿತು. ನಡುವೆ ನಾನು ಮಾಡಿದ್ದು ನಿದ್ದೆ ಒಂದೇ.

ಒಬ್ಬರ ಒಂದು ಅನುಭವ ಪುರಾವೆ ಆಗುವುದಿಲ್ಲ, ನಿಜ. ಆದರೆ ಈ ವಿಷಯದಲ್ಲಿ ಪುರಾವೆ ಬೇರೆ ಕಡೆ ಬೇಕಾದಷ್ಟಿದೆ. 1924ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಜೆಂಕಿನ್ಸ್ ಮತ್ತು ಡಲೆನ್‌ಬಾಕ್, ಕಲಿತ ಮೇಲೆ ಮಲಗಿದರೆ ಎಚ್ಚರ ಇದ್ದದ್ದಕ್ಕಿಂತ ಕಡಿಮೆ ಮರೆಯುತ್ತೇವೆ ಎಂದು ತೋರಿಸಿದರು. 1994ರಲ್ಲಿ ವಿಲ್ಸನ್ ಮತ್ತು ಮೆಕ್‌ನಾಟನ್ ಇಲಿಗಳ ಹಿಪೊಕ್ಯಾಂಪಸ್‌ಗೆ ಕಿವಿಗೊಟ್ಟರು. ಎಚ್ಚರದಲ್ಲಿ ಓಡಾಡುವಾಗ ಒಟ್ಟಿಗೆ ಎದ್ದಿದ್ದ ನರಕೋಶಗಳು ಆಮೇಲಿನ ನಿದ್ದೆಯಲ್ಲಿ ಮತ್ತೆ ಒಟ್ಟಿಗೆ ಏಳುತ್ತಿದ್ದವು. 2002ರಲ್ಲಿ ಮ್ಯಾಥ್ಯೂ ವಾಕರ್ ಮತ್ತು ಜೊತೆಗಾರರು ಜನರಿಗೆ ಬೆರಳಿನಿಂದ ಒಂದು ಕ್ರಮದಲ್ಲಿ ಕೀಲಿ ಒತ್ತಲು ಕಲಿಸಿದರು. ಒಂದು ರಾತ್ರಿ ನಿದ್ದೆಯ ನಂತರ, ನಡುವೆ ಏನೂ ಅಭ್ಯಾಸ ಇಲ್ಲದೆ, ವೇಗ ಸುಮಾರು ಶೇಕಡ 20ರಷ್ಟು ಹೆಚ್ಚಿತ್ತು. ಅಷ್ಟೇ ಹೊತ್ತು ಎಚ್ಚರವಾಗಿದ್ದವರಲ್ಲಿ ಆ ಏರಿಕೆ ಕಾಣಲಿಲ್ಲ. ಹಗಲಿನಲ್ಲಿ ಆತುರದಿಂದ ಹಿಡಿದದ್ದನ್ನು ಮೆದುಳು ರಾತ್ರಿ ಕೂತು ಜೋಡಿಸಿಡುತ್ತದೆ. ಅಭ್ಯಾಸಕ್ಕೆಂದು ನಿದ್ದೆ ಕೆಡಿಸಿಕೊಳ್ಳುವವರನ್ನು ಕಂಡರೆ ಈಗ ಸಂಕಟವಾಗುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಕಣ್ಣು ಬಿಟ್ಟುಕೊಂಡು ಓದುವ ಮಕ್ಕಳು ಅಷ್ಟೂ ದುಡಿಮೆಯನ್ನು ಜೋಡಿಸುವವರಿಲ್ಲದೆ ಬಿಟ್ಟ ಹಾಗೆ, ಅಲ್ವಾ?

ಸರ್ ಅಭ್ಯಾಸದ ಹೊತ್ತನ್ನು ಚೂರು ಚೂರು ಮಾಡಿಸಿದರು. ಒಂದೇ ಸಲ ಜಾಸ್ತಿ ಹೊತ್ತು ಕೂರಲು ಬಿಡಲಿಲ್ಲ. ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ. ಹಡಗಿನ ತರಬೇತಿಯಲ್ಲಿ ಅವರು ಕಲಿತ ರೀತಿ ಅದು. ಇದರ ಕಾರಣ ಒಂದು ಕಡಲ ಪ್ರಾಣಿಯಲ್ಲಿ ಸಿಕ್ಕಿದೆ. ಅಪ್ಲೀಸಿಯಾ ಎಂಬ ಚಿಪ್ಪಿಲ್ಲದಂತೆ ಕಾಣುವ ಬಸವನಹುಳುವಿಗೆ ಸುಮಾರು 20,000 ನರಕೋಶಗಳಿವೆ. ಮನುಷ್ಯರಿಗೆ ಇರುವುದು ಸುಮಾರು 8,600 ಕೋಟಿ. ಎರಿಕ್ ಕ್ಯಾಂಡೆಲ್ ಈ ಪ್ರಾಣಿಯ ಬಾಲಕ್ಕೆ ಸಣ್ಣ ಶಾಕ್ ಕೊಟ್ಟು, ಅದು ಕಿವಿರನ್ನು ಎಷ್ಟು ಜೋರಾಗಿ ಒಳಗೆ ಎಳೆದುಕೊಳ್ಳುತ್ತದೆ ಎಂದು ನೋಡಿದರು. ಒಂದು ಶಾಕ್ ಕೊಟ್ಟರೆ ಆ ಎಚ್ಚರಿಕೆ ಸ್ವಲ್ಪ ಹೊತ್ತಿಗೆ ಇಳಿಯಿತು. ಬಿಡುವು ಕೊಟ್ಟು ಹಲವು ಸಲ ಕೊಟ್ಟಾಗ ದಿನಗಟ್ಟಲೆ ಉಳಿಯಿತು. ಮೊದಲನೆಯದರಲ್ಲಿ ಇದ್ದ ಸಂಪರ್ಕಗಳೇ ಕೆಲಕಾಲ ಚುರುಕಾಗಿದ್ದವು. ಎರಡನೆಯದರಲ್ಲಿ ನರಕೋಶದ ಒಳಗೆ ಜೀನ್‌ಗಳು ಕೆಲಸ ಶುರು ಮಾಡಿ, ಹೊಸ ಪ್ರೋಟೀನ್ ತಯಾರಾಗಿ, ಹೊಸ ಸಂಪರ್ಕಗಳು ಬೆಳೆದಿದ್ದವು. ಈ ಕೆಲಸಕ್ಕೆ 2000ದಲ್ಲಿ ಕ್ಯಾಂಡೆಲ್ ಅವರಿಗೆ ನೊಬೆಲ್ ಬಂತು. ಅಂದರೆ ಬಹುಕಾಲ ಉಳಿಯುವ ನೆನಪಿಗೆ ಮೆದುಳಿನಲ್ಲಿ ನಿಜವಾದ ಕಟ್ಟಡದ ಕೆಲಸ ನಡೆಯಬೇಕು, ಅದಕ್ಕೆ ಸಮಯ ಬೇಕು. ನಾವು ಒತ್ತಾಯ ಮಾಡಿದರೆ ಪ್ರೋಟೀನ್ ಬೇಗ ತಯಾರಾಗುವುದಿಲ್ಲ.

ಅಕ್ಷರಗಳೆಲ್ಲ ಮುಗಿದ ಮೇಲೆ ಒಂದು ದೊಡ್ಡ ನಿಲುಗಡೆ ಬಂತು. ಅಕ್ಷರ ಗೊತ್ತಾಗುತ್ತಿತ್ತು, ಬರೆಯುತ್ತಿದ್ದೆ, ಆದರೆ ವೇಗ ಒಂದು ಚೂರೂ ಮುಂದೆ ಹೋಗಲಿಲ್ಲ. ವಾರಗಳು ಹಾಗೇ ಕಳೆದವು. ಬಿಟ್ಟುಬಿಡೋಣ ಅನ್ನಿಸಿದ್ದೂ ಉಂಟು. ಆಗ ಕೈಗೆ ಸಿಕ್ಕಿದ್ದು ವಿಲಿಯಂ ಬ್ರಯನ್ ಮತ್ತು ನೋಬಲ್ ಹಾರ್ಟರ್ 1897 ಮತ್ತು 1899ರಲ್ಲಿ ಬರೆದದ್ದು. ಅವರು ಅಧ್ಯಯನ ಮಾಡಿದ್ದು ಟೆಲಿಗ್ರಾಫ್ ಆಪರೇಟರುಗಳನ್ನೇ. ಸಂದೇಶ ಕೇಳಿ ಬರೆಯುವ ವೇಗ ಏರುತ್ತಾ ಹೋಗಿ, ನಡುವೆ ಒಂದು ಕಡೆ ನಿಂತು, ಆಮೇಲೆ ಮತ್ತೆ ಏರುವುದನ್ನು ಅವರು ನಕ್ಷೆಯಲ್ಲಿ ತೋರಿಸಿದ್ದರು. ಮೊದಲು ಅಕ್ಷರ ರೂಢಿಯಾಗಬೇಕು, ಆಮೇಲೆ ಪದ, ಆಮೇಲೆ ಪದಗುಚ್ಛ ಎಂದು ಅವರು ವಿವರಿಸಿದರು. ಕೆಳಗಿನದು ಪೂರ್ತಿ ತಾನಾಗಿ ನಡೆಯುವವರೆಗೆ ಮೇಲಿನದು ಕಾಯುತ್ತದೆ. ಈ ನಿಲುಗಡೆ ಎಲ್ಲರಿಗೂ ಬರಲೇಬೇಕು ಎಂಬುದನ್ನು ಆಮೇಲೆ ಒಪ್ಪದವರಿದ್ದಾರೆ. ಕೆಲ್ಲರ್ ಅವರೇ 1958ರಲ್ಲಿ ಅದನ್ನು ಪ್ರಶ್ನಿಸಿ ಬರೆದರು. ಒಳ್ಳೆಯ ಅಭ್ಯಾಸ ಕ್ರಮ ಇದ್ದರೆ ಅದು ಬಾರದೆಯೂ ಇರಬಹುದು. ನನಗಂತೂ ಬಂತು. ಅದಕ್ಕೊಂದು ಹೆಸರಿದೆ, ನೂರು ವರ್ಷಕ್ಕೂ ಹಿಂದೆ ಬೇರೆಯವರಿಗೂ ಬಂದಿತ್ತು ಎಂದು ತಿಳಿದದ್ದೇ ಧೈರ್ಯ ಕೊಟ್ಟಿತು.

ಅದೇ ಸಮಯದಲ್ಲಿ ಸರ್ ಅಭ್ಯಾಸದ ಬಗೆಯನ್ನು ಬದಲಿಸಿದರು. ಅಲ್ಲಿಯವರೆಗೆ ಬರೆದುಕೊಂಡು ಆಮೇಲೆ ಓದುತ್ತಿದ್ದೆ. ಈಗ ಪೆನ್ನು ಕೆಳಗಿಡಿಸಿ, ಪದ ಮುಗಿದ ಮೇಲೆ ಬಾಯಲ್ಲಿ ಹೇಳಿಸಿದರು. ಮೊದಮೊದಲು ಏನೂ ಬರಲಿಲ್ಲ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತೇನೆ ಸರ್ ಎಂದರೆ ಒಪ್ಪುತ್ತಿರಲಿಲ್ಲ. "ಕೇಳಿದ್ದು ಸಾಕು, ಒಳಗಿನಿಂದ ತೆಗೆಯಿರಿ" ಎನ್ನುತ್ತಿದ್ದರು. ಓದಿನಲ್ಲೂ ಹೀಗೇ ಆಗುತ್ತದೆ ಎಂದು ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸಿದೆ. ಕೆಲವರು ಒಂದು ಪಾಠವನ್ನು ನಾಲ್ಕು ಸಲ ಓದಿದರು. ಇನ್ನು ಕೆಲವರು ಒಂದೇ ಸಲ ಓದಿ, ಮೂರು ಸಲ ಪುಸ್ತಕ ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಓದಿದವರಿಗೆ ಶೇಕಡ 40ರಷ್ಟು ನೆನಪಿತ್ತು, ಬರೆದವರಿಗೆ ಶೇಕಡ 61ರಷ್ಟು. ಒಳಗಿನಿಂದ ತೆಗೆಯುವ ಕಷ್ಟವೇ ನೆನಪನ್ನು ಗಟ್ಟಿ ಮಾಡುತ್ತದೆ. ಸುಮ್ನೆ ಮತ್ತೆ ಓದಿದರೆ ಗೊತ್ತಿದೆ ಎನ್ನುವ ಭಾವನೆ ಬರುತ್ತದೆ, ಅದು ಬಹಳ ಹಿತವಾಗಿಯೂ ಇರುತ್ತದೆ, ಆದರೆ ಬೇಕಾದಾಗ ಕೈಗೆ ಸಿಗುವುದಿಲ್ಲ.

ನಡುವೆ ಮನೆಯ ಕಾರಣಕ್ಕೆ ಅಭ್ಯಾಸ ಪೂರ್ತಿ ನಿಂತುಹೋಯಿತು. ತಿರುಗಿ ಬಂದಾಗ ಎಲ್ಲ ಮಸುಕು. ಆದರೆ ಮೊದಲ ಸಲ ತಿಂಗಳುಗಟ್ಟಲೆ ಹಿಡಿದದ್ದು ಈ ಸಲ ಕೆಲವೇ ದಿನದಲ್ಲಿ ಮರಳಿ ಬಂತು. 1885ರಲ್ಲಿ ಪ್ರಕಟವಾದ ಕೆಲಸದಲ್ಲಿ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿ, ಅರ್ಥವಿಲ್ಲದ ಉಚ್ಚಾರಗಳನ್ನು ಕಲಿತು ಮರೆವನ್ನು ಅಳೆದ ರೀತಿಯೇ ಇದು. ಎಷ್ಟು ನೆನಪಿದೆ ಎಂದು ಕೇಳುವ ಬದಲು, ಮತ್ತೆ ಕಲಿಯಲು ಎಷ್ಟು ಶ್ರಮ ಉಳಿಯಿತು ಎಂದು ಅವರು ನೋಡಿದರು. ಒಂದು ಗಂಟೆಯೊಳಗೆ ಅರ್ಧಕ್ಕಿಂತ ಜಾಸ್ತಿ ಉಳಿತಾಯ ಕರಗಿಹೋಗುತ್ತಿತ್ತು. ಆದರೆ ಉಳಿದದ್ದು ಬಹಳ ನಿಧಾನವಾಗಿ ಕರಗುತ್ತಿತ್ತು. ಮರೆತೆ ಎಂದುಕೊಂಡದ್ದರಲ್ಲಿ ಒಂದು ಪಾಲು ಒಳಗೇ ಇರುತ್ತದೆ ಎಂದು ನನಗೆ ಆ ದಿನಗಳಲ್ಲಿ ಕೈಯಾರೆ ಮುಟ್ಟಿ ನೋಡಿದಂತೆ ಗೊತ್ತಾಯಿತು.

ಮರಳಿ ಬಂದ ಮೇಲೆ ನಿಲುಗಡೆಯೂ ಸಡಿಲವಾಯಿತು. ಒಂದು ಸಂಜೆ ಸಿಕ್ಯೂ ಎಂಬ ಕರೆ ಎರಡು ಅಕ್ಷರವಾಗಿ ಕೇಳಲಿಲ್ಲ. ಯಾರಾದರೂ ಮಾತಾಡುತ್ತೀರಾ ಎಂದು ಕೇಳುವ ಕರೆ ಅದು. ಡಾ ಡಿ ಡಾ ಡಿಟ್, ಡಾ ಡಾ ಡಿ ಡಾ ಎಂಬುದೆಲ್ಲ ಒಂದೇ ರಾಗವಾಗಿ ಬಂದು ಕರೆಯೇ ಕೇಳಿಸಿತು. ಆಮೇಲೆ ಇಂಗ್ಲಿಷಿನ ಚಿಕ್ಕ ಪದಗಳು, ವಿದಾಯಕ್ಕೆ ಹೇಳುವ 73, ಹೀಗೆ ಒಂದೊಂದೇ ಇಡಿಯಾಗಿ ಬರತೊಡಗಿದವು. ತಾತ್ಕಾಲಿಕ ನೆನಪಿನ ಜಾಗ ದೊಡ್ಡದಾಗಿರಲಿಲ್ಲ. ಮೊದಲು ಅಲ್ಲಿ ನಾಲ್ಕು ಅಕ್ಷರ ಕೂರುತ್ತಿದ್ದವು, ಈಗ ನಾಲ್ಕು ಪದ ಕೂರುತ್ತಿದ್ದವು. ಹೆಡ್‌ಫೋನ್ ತೆಗೆದಿಟ್ಟು ಸರ್‌ಗೆ ಫೋನ್ ಮಾಡಿದೆ. ಅವರಿಗೆ ನನಗಿಂತ ಜಾಸ್ತಿ ಖುಷಿಯಾಗಿತ್ತು.

ಇತ್ತೀಚೆಗೆ ಅಣ್ಣನ ಮಗಳು "ಎಲ್ ಹೇಗಿರುತ್ತದೆ, ಬರೆದು ತೋರಿಸು" ಎಂದಳು. ತಕ್ಷಣ ಬರೆಯಲು ಆಗಲಿಲ್ಲ. ಮನಸ್ಸಿನಲ್ಲಿ ಡಿ ಡಾ ಡಿ ಡಿಟ್ ಎಂದು ಹಾಡಿಕೊಂಡು, ಅದನ್ನು ಕೇಳಿಸಿಕೊಂಡು, ಆಮೇಲೆ ಚುಕ್ಕೆ ಗೆರೆ ಹಾಕಿದೆ. ಪಟ್ಟಿಯ ನೆನಪು ನನ್ನಲ್ಲಿ ಇಲ್ಲವೇ ಇಲ್ಲ. ಕಿವಿಯ ನೆನಪು ಮಾತ್ರ ಇದೆ.

ಈಗ ಕೀ (ಒತ್ತಿ ಸದ್ದು ಕಳಿಸುವ ಸಾಧನ) ಹಿಡಿದು ಕಳಿಸುವುದನ್ನು ಶುರು ಮಾಡಿದ್ದೇನೆ. ಕಿವಿಗೆ ಬಂದದ್ದು ಕೈಗೆ ಬಂದೇ ಬಿಡುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗೆ ಬರುವುದಿಲ್ಲ. ಬ್ರಯನ್ ಮತ್ತು ಹಾರ್ಟರ್ ಕಂಡಂತೆ ಕಳಿಸುವ ವೇಗದ ನಕ್ಷೆಯೇ ಬೇರೆ, ಅದು ಬೇಗ ಏರುತ್ತದೆ, ಅದರಲ್ಲಿ ನಿಲುಗಡೆ ಇಲ್ಲ. ಸ್ನಾಯುಗಳ ಲಯವನ್ನು ತಿದ್ದುವ ಕೆಲಸದಲ್ಲಿ ಕಿರುಮೆದುಳಿನ ಪಾಲು ದೊಡ್ಡದು. ಕೈ ಮಾಡಿದ್ದಕ್ಕೂ ಮಾಡಬೇಕಿದ್ದದ್ದಕ್ಕೂ ಇರುವ ವ್ಯತ್ಯಾಸವನ್ನು ಅದು ಪ್ರತಿ ಸಲ ಸರಿಪಡಿಸುತ್ತದೆ. ಸದ್ಯ ನನಗೆ ಕ್ಯೂ ಮತ್ತು ವೈ ಕೈಯಲ್ಲಿ ಅದಲುಬದಲಾಗುತ್ತಿವೆ. ಒಂದನ್ನು ಹಿಂದುಮುಂದು ಮಾಡಿದರೆ ಇನ್ನೊಂದಾಗುತ್ತದೆ. ಕಿವಿಗೆ ಇವೆರಡರಲ್ಲಿ ಯಾವ ಗೊಂದಲವೂ ಇಲ್ಲ, ಬೆರಳಿಗೆ ಮಾತ್ರ ಇದೆ. ಸರ್ ಹೇಳಿದ ಹಾಗೆ ಅವೆರಡನ್ನೇ ಸಾಲಾಗಿ ಹೊಡೆಯದೆ, ಬೇರೆ ಅಕ್ಷರಗಳ ನಡುವೆ ಸೇರಿಸಿ, ಮಲಗುವ ಮುಂಚೆ ಸ್ವಲ್ಪ ಹೊತ್ತು ಹೊಡೆಯುತ್ತಿದ್ದೇನೆ. ಕ್ಯೂ ಆಗಲೇ ಸರಿಹೋಗುತ್ತಿದೆ. ವೈಗೆ ಇನ್ನೂ ಸಮಯ ಬೇಕು.